ಈಶಾನ್ಯ

ಕಣ್ಣಿಗಿ ಕೇಳಬ್ಯಾಡ್ರಿ, ಹೆಬ್ಬೆಟ್ಟಿಗಿ ಕೇಳ್ರಿ.
ಸೂಪರ್ ಮಾರ್ಕೆಟ್ ಹಿಂದ,
ಬೆಲ್ಟಿನ ಅಂಗಡಿಗೂ ಝೆರಾಕ್ಸಿನ ಅಂಗಡಿಗೂ ನಡುವ
ನಾಕು ಫೂಟಿನ ಟೇಬಲ್ ನಂದು.
ಇಪ್ಪತ್ತೆರಡು ವರ್ಷ ಆಯ್ತು,
ಮಂದಿ ಕೈಯಾಗಿನ ಆಟದ ಡಬ್ಬಿ ಬಿಚ್ಚಿ
ದಿಕ್ಕು ರಿಪೇರಿ ಮಾಡ್ಲತ್ತೀನಿ.

ಪರದಿ ಒಡದ್ರ ಹೊಸಾದು ಹಾಕಬಹುದು.
ಬ್ಯಾಟರಿ ಉಬ್ಬಿದ್ರ ಅದೂ ಸಿಗ್ತದ.
ಎಡಗಡಿ ಕುಂತದಲ್ಲ, ಕೂಡೋ ಲೆಕ್ಕದ ಗುರ್ತಿನಂಥಾ ಗುಂಡಿ,
ಅದರ ಗುಣ ಮಾತ್ರ ಹುಟ್ಟಾ ಬರಬೇಕು.

ಹಳೇ ಗೇಮ್ ಬಾಯ್ ನೋಡ್ರಿ,
ಅತ್ತಾರ್ ಸಾಹೇಬ್ರು ದುಬೈದಿಂದ ತಂದಿದ್ದು.
ನಡುವ ಒಂದು ತಗ್ಗು,
ನಾದಿದ ಜ್ವಾಳದ ಹಿಟ್ಟಿನಾಗ ಬೆರಳು ಊರಿದಂಗ.
ಎಡಕ್ಕ ಒತ್ತಿದ್ರ ಬಲಗಡಿ ಏಳ್ತದ.
ತಕ್ಕಡಿ ಅದು. ಸುಳ್ಳು ಹೇಳಂಗಿಲ್ಲ.

ಪಿಎಸ್‌ಪಿದು ನಾಕು ಚೂರು,
ಅಣ್ಣತಮ್ಮಂದ್ರು ಪಾಲು ಹರಕೊಂಡು
ಬ್ಯಾರೆ ಬ್ಯಾರೆ ಬಾಗಿಲ ಇಟ್ಟಂಗ.
ಬಿಚ್ಚಿದ್ರ ಒಳಗ ಒಂದೇ ಅಡಗಿಮನಿ!
ಸ್ವಿಚ್ಚಿನ ನಾಕು ಗುಂಡಿ ಖರೇನೇ ಬ್ಯಾರೆ.
ಒಂದರ ಮ್ಯಾಲಿಂದ ಒಂದಕ್ಕ ಹೆಬ್ಬೆಟ್ಟು ಎತ್ತಿ ಎತ್ತಿ ಇಡಬೇಕು,
ಹಳ್ಳದಾಗ ಕಲ್ಲಿಂದ ಕಲ್ಲಿಗಿ ಜಿಗಿದಂಗ.
ಮೊಣಕಾಲಿಗಿ ಬರೋ ಸುಸ್ತು ಬೆಟ್ಟಿಗಿ ಬರ್ತದ.
ವೀಟಾ ಸಣ್ಣದು, ಖಡಕ್.
ಅದರ ಮ್ಯಾಲ ನಂದೇನೂ ತಕರಾರಿಲ್ಲ,
ಅದಕ್ಕೇ ಏನೋ, ಪ್ರೀತಿನೂ ಇಲ್ಲ.

ಇನ್ನ ಈಗ ಪಾರ್ಸಲ್‌ನಾಗ ಬರೋ ಅಗ್ಗದ ಮಾಲು,
ಮ್ಯಾಲ ಒತ್ತಿದ್ರ ಈಶಾನ್ಯಕ್ಕ ಹೋಗ್ತದ.
ಗಿರಾಕಿ ಸಿಟ್ಟಿಗೇಳ್ತಾನ:
ನಾ ಹೇಳಿದ್ದೆಲ್ಲಿ, ಇದು ಹೊಂಟಿದ್ದೆಲ್ಲಿ?
ನಾ ನಗ್ತೀನಿ.
ಎಷ್ಟು ವರ್ಷ ನಮ್ಮ ಬಸ್ಸಿನ ಮೈಮ್ಯಾಲ
ಈಶಾನ್ಯ ಅಂತೇ ಬರದಿತ್ತಲ್ಲಪ್ಪ.
ಅಲ್ಲಿ ದೂರ ಕುಂತವ್ರು ಮ್ಯಾಲ ಒತ್ತೋಕ ಹೋಗಿ
ಬೆಟ್ಟು ಜಾರಿ ತಾಕಿದ ಊರು ನಮ್ದು.
ಹುಡುಗ್ರಿಗಿ ತಿಳಿಯಂಗಿಲ್ಲ. ರೊಕ್ಕ ವಾಪಸ್ ಕೊಡ್ತೀನಿ.

ಮಾಪಣ್ಣ ಡ್ರೈವರನ ಮಗಳು ಸುಗಲಾ
ಹೋದ ಯುಗಾದಿ ಮುಂದ ಒಂದು ಹಳದಿ ಡಬ್ಬಿ ತಂದಳು.
ಆಳಂದ ಬಸ್ಸಿನ ಕಡೀ ಸೀಟಿನಾಗ ಯಾರೋ ಮರತಿದ್ದು,
ವಾರಸ್ದಾರ್ರು ಬರದೆ ಡಿಪೋದಾಗ ಬಿದ್ದಿದ್ದು.
ಕಂಪನಿ ಹೆಸರಿಲ್ಲ. ಆಟ ಒಂದೇ, ಹಾವಿಂದು.
ಸೆಲ್ಲಿನ ಮುಚ್ಚಳ ನಿಲ್ಲವಲ್ದು ಕಾಕಾ, ಅಷ್ಟೇ ನೋಡ್ರಿ.
ನಾ ಒತ್ತಿ ನೋಡಿದೆ.
ಬಲ ಸತ್ತಿತ್ತು. ಪೂರಾ.

ಇದರಾಗ ಹೆಂಗ ಆಡ್ತೀಯವ್ವ ಅಂದೆ.
ಆಡಿ ತೋರಿಸಿದಳು, ಕುರ್ಚಿನೂ ಕೇಳಲಿಲ್ಲ.
ಬಲಕ್ಕ ಹಣ್ಣು ಬಿದ್ರ ಎಡಕ್ಕ ಹೊಂಡೋದು,
ಎಡಗ್ವಾಡಿ ತೂರಿ ಬಲಗ್ವಾಡಿಯಿಂದ ಹೊರಗ ಬರೋದು,
ಪಡುವಣದಾಗ ಮುಳುಗಿ ಮೂಡಣದಾಗ ಹಾಜರ್.
ಸ್ಕೋರು ಎಂಟ್ನೂರಾ ನಲವತ್ತು.
ಝೆರಾಕ್ಸಿನ ಗುಂಡೇರಾವ್ ಚಾ ಆರಿಸಿಕೊಂಡು ನಿಂತುಬಿಟ್ಟ.

ಸುಮ್ನಿರಬೇಕಿತ್ತು ನಾ.
ಮುಚ್ಚಳ ಕೂಡಿಸೋ ಹೊತ್ತಿನಾಗ
ಕಸುಬಿನ ಚಟ, ರಬ್ಬರೂ ಬದಲಿಸಿದೆ.
ಕರೀ ಚುಕ್ಕಿ ಅಳಿಸಿಹೋಗಿತ್ತು, ಹೊಸಾದು ಹಾಕಿದೆ.
ಫುಕ್ಕಟ್ ಅಂದೆ, ದೊಡ್ಡ ಮನಸಿನಂವ.

ಎಂಟು ದಿನಕ್ಕ ಬಂದು ಟೇಬಲ್ಲಿಗಿ ಆನಿ ನಿಂತಳು.
ಕಾಕಾ, ಹಳೇ ರಬ್ಬರ್ ಒಗದ್ರೇನು?
ಯಾಕ?
ನೂರಾ ಹತ್ತು ದಾಟವಲ್ದು.
ಬಲ ಅದ ಅಂತ ಗೊತ್ತಾದ ಮ್ಯಾಲ ಬೆಟ್ಟು ಅವಸರ ಮಾಡ್ತದ.
ತಟ್ಟನ ಹೊಳ್ಳತೀನಿ, ನನ್ನ ಬಾಲ ನಾನೇ ಕಡೀತೀನಿ.

ಬಿಸ್ಕೀಟಿನ ಡಬ್ಬಿ ಸುರುವಿ ಹುಡುಕಿದೆ.
ಸ್ಕ್ರೂ, ಸ್ಪ್ರಿಂಗು, ಯಾರದೋ ಮೂಗುಬಟ್ಟಿನ ತಿರುಪು,
ಅದರ ಕೆಳಗ ಸಿಕ್ತು, ಬೋಳು ರಬ್ಬರ್.
ಊದಿ, ಅಂಗಿ ತುದಿಲೆ ಒರಸಿ,
ಕೆಟ್ಟದ್ದನ್ನ ಜ್ವಾಕಿಲೆ ಅದರ ಜಾಗಕ್ಕ ಕೂಡಿಸಿದೆ.
ಒತ್ತಿ ನೋಡಿದೆ. ಬಲ ಇಲ್ಲ.
ಸರಿ ಅದ.

ಎಷ್ಟಾಯ್ತು ಅಂದಳು.
ಹಿಂಥಾ ಕೆಲಸಕ್ಕ ದರ ಏನಂತ ನನಗೇನು ಗೊತ್ತು?
ಹತ್ತು ಅಂದೆ.
ಚೌಕಾಶಿ ಮಾಡಿ ಐದು ಕೊಟ್ಟಳು.