ಹನ್ನೊಂದು ಸೆಕೆಂಡು

ಡುಲೂತ್, ಮಾರ್ಚ್ ಹತ್ತು.

ವೆಂಡೆಲ್,
ನಿನ್ನ ಕಾಗದ ನೆಬ್ರಾಸ್ಕಾದಿಂದ ಆರು ದಿನಕ್ಕೆ ಬಂತು.
'ಬದಲಿಗೆ ಕೊಡಲು ನನ್ನಲ್ಲಿ ಒಂದೂ ಇಲ್ಲ'
ಎಂಬ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದೀಯ.
ಕಾಗದ ಅಲ್ಲಿ ತೆಳ್ಳಗಾಗಿದೆ.

ಮೊದಲಿಗೆ ಯಾರಲ್ಲೂ ಇರುವುದಿಲ್ಲ.
ನನ್ನಜ್ಜಿ ಫಿನ್‌ಲೆಂಡಿನಲ್ಲಿ ಹಡಗು ಹತ್ತುವಾಗ
ಕರವಸ್ತ್ರವೊಂದನ್ನು ಮೊಸರಲ್ಲಿ ಅದ್ದಿ, ಒಣಗಿಸಿ
ಎದೆಯ ಬಳಿ ಮಡಿಚಿಟ್ಟುಕೊಂಡು ಬಂದಳಂತೆ.
ಇಲ್ಲಿಯ ಹಾಲಿಗೆ ಆ ಬಟ್ಟೆಯೇ ಹೆಪ್ಪು.
ಬೀದಿಗೆಲ್ಲ ಅದೇ ಹಂಚಿಹೋಗಿ
ಒಂದು ಬೇಸಿಗೆ ನಮ್ಮ ಮನೆಯದು ಕೆಟ್ಟಾಗ
ಎದುರುಮನೆಯಿಂದ ನಮ್ಮದನ್ನೇ
ಒಂದು ಚಮಚ ಕೇಳಿ ತಂದೆವು.

ಹಾಗೆ ಅಂದುಕೋ.
ಎರಡು ಖಾಲಿ ಕ್ಯಾಸೆಟ್ ಕಳಿಸು, ತೊಂಬತ್ತು ನಿಮಿಷದವು.
ನೂರಿಪ್ಪತ್ತರದು ಬೇಡ, ಅದರ ಟೇಪು ಈರುಳ್ಳಿ ಸಿಪ್ಪೆ,
ಯಂತ್ರ ನುಂಗಿಬಿಡುತ್ತದೆ.
ವಾಪಸಿಗೆ ಅಂಚೆಚೀಟಿ ಇಡು. ದುಡ್ಡು ಇಡಬೇಡ,
ಇಟ್ಟರೆ ಹಾಗೇ ಹಿಂದಕ್ಕೆ ಬರುತ್ತದೆ,
ಮೇಲೊಂದಿಷ್ಟು ನನ್ನ ಬೈಗುಳ.

ನನಗೆ ಮೊದಲು ಕಳಿಸಿದವನು ಆರಿನ್ ಟ್ವೈಟ್,
ಅದಿರಿನ ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದ,
ಬಲಗಿವಿ ಕೇಳದ ಮನುಷ್ಯ.
ಎಡಗಿವಿಯೊಂದರಲ್ಲೇ ತಲೆಮಾರು ಎಣಿಸುತ್ತಿದ್ದ:
'ಇದು ಪ್ರತಿಯ ಪ್ರತಿ. ಇದು ಅದರ ಮಗ.
ಇದು, ಥೂ, ಬರೀ ಮೀನು ಹುರಿಯೋ ಸದ್ದು.'
ತಲೆಮಾರು ಇಳಿದಂತೆಲ್ಲ ಹಾಡುವವಳು
ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾಳೆ,
ಸರೋವರದ ಮಂಜಿನೊಳಕ್ಕೆ.

ನಾನೇ ಹಿಡಿದ ಮೊದಲ ಕಛೇರಿ
ಎಂಬತ್ತೇಳರ ನವೆಂಬರಿನದು.
'ಟಿನ್ ಹೆರನ್ಸ್' ತಂಡ, ನಾರ್ವೆಯವರ ಸಭಾಭವನ,
ಕೋಟು ಬಿಚ್ಚಲಾಗದ ಚಳಿ.
ತಂಡದವರು ಹೂಂ ಅಂದಿದ್ದರು;
ಪೊರಕೆಯ ಕೋಲಿಗೆ ಮೈಕು ಕಟ್ಟಿ
ಮೂರನೆಯ ಸಾಲಿನಲ್ಲಿ ನಿಂತೆ, ಬೆಸ್ತರವಳ ಹಾಗೆ.
ನಾಲ್ಕನೆಯ ಹಾಡು. ಪಿಟೀಲು ಏರುತ್ತ, ಏರುತ್ತ,
ಇನ್ನೇನು ತುದಿ ಮುಟ್ಟಬೇಕು
ಟಕ್.
ಕ್ಯಾಸೆಟ್ಟಿನ ಒಂದು ಬದಿ ಮುಗಿದಿತ್ತು.
ಕತ್ತಲು, ಕೈಗವಸು, ಹೊರಳಿಸಿ ಹಾಕುವಷ್ಟರಲ್ಲಿ
ಹನ್ನೊಂದು ಸೆಕೆಂಡು.
ಆ ತುದಿಯನ್ನು ಅಲ್ಲಿದ್ದ ನಾನೂ ಕೇಳಲಿಲ್ಲ,
ಗುಂಡಿ ತಡಕುತ್ತಿದ್ದೆ.

ಅಳಿಸಿಬಿಡುತ್ತೇನೆ ಅಂದೆ. ಆರಿನ್ ಬಿಡಲಿಲ್ಲ.
'ಚೀಟಿಯ ಮೇಲೆ ಬರೆ, ಇಷ್ಟು ಹೊತ್ತು ಇಲ್ಲ ಅಂತ.
ಇಲ್ಲದ್ದನ್ನು ಇದೆ ಅನ್ನಬೇಡ.
ನಮ್ಮ ಕೊಡುಕೊಳ್ಳುವಿಕೆಗೆ ಬೇರೆ ಬಂಡವಾಳ ಇಲ್ಲ.'
ಬರೆದೆ. ಕೈ ನಡುಗಿ ಊರಿನ ಹೆಸರಲ್ಲಿ ಒಂದಕ್ಷರ ತಪ್ಪಿತು.

ಹೋಯಿತು, ಫಾರ್ಗೋಗೆ, ಟಲ್ಸಾಗೆ,
ಯಾರ ಕೈದಾಟಿಯೋ ಟಾಸ್ಮೇನಿಯಾಕ್ಕೆ.
ಟಲ್ಸಾದ ಬಸ್ ಚಾಲಕಿಯೊಬ್ಬಳು ಬರೆದಳು:
'ಆ ಹನ್ನೊಂದು ಸೆಕೆಂಡನ್ನು ನಾನೇ ಗುನುಗುತ್ತೇನೆ,
ದಿನಕ್ಕೊಂದು ಬಗೆ.
ಒಮ್ಮೊಮ್ಮೆ ನಿಲ್ದಾಣ ದಾಟಿಹೋಗುತ್ತದೆ.'

ಹೋದ ವಸಂತದಲ್ಲಿ ನೆಲಮಾಳಿಗೆಗೆ ನೀರು ನುಗ್ಗಿ
ನನ್ನ ಮೂಲ ಕ್ಯಾಸೆಟ್ ಹಾಳಾಯಿತು.
ಒಬ್ಬರಿಗೆ ಹೇಳಿದ್ದೆ, ಅಷ್ಟೆ.
ಮೂರು ಪೊಟ್ಟಣ ಬಂದವು.
ಮೂರರ ಮೇಲೂ ನಾನು ಕಾಣದ ಕೈಗಳ ಬರಹ,
ಮೂರರಲ್ಲೂ ನನ್ನದೇ ಆ ತಪ್ಪಕ್ಷರ.
ಚೆನ್ನಾಗಿದ್ದುದನ್ನು ಆರಿಸಿ ಹಾಕಿ ಕೂತೆ.
ಸಣ್ಣಗೆ ಮೀನು ಹುರಿಯುತ್ತಿತ್ತು.
ಪಿಟೀಲು ಏರಿತು. ಟಕ್.
ಬಾಯಿ ತಾನಾಗಿ ತೆರೆಯಿತು,
ಸ್ವರ ಹೊರಡಲಿಲ್ಲ.

ನಿನಗೆ ಅದರಿಂದಲೇ ಇಳಿಸಿ ಕಳಿಸುತ್ತೇನೆ.
ಐದನೆಯ ತಲೆಮಾರು; ಐದು ಎಂದೇ ಬರೆದುಕೋ.
ಮುಂದೆ ಯಾರಾದರೂ ಬರಿಗೈಯಲ್ಲಿ ಕೇಳಿದರೆ
ಎರಡು ಸಲ ಅಳಿಸುವಂತೆ ಮಾಡಬೇಡ.

ಮರೆತೆ: ಪ್ಲಾಸ್ಟಿಕ್ ಡಬ್ಬಿ ಕಳಿಸಬೇಡ, ಅಂಚೆಯಲ್ಲಿ ಒಡೆಯುತ್ತದೆ.
ಕ್ಯಾಸೆಟ್ಟುಗಳನ್ನು ಹಳೆಯ ಕಾಲುಚೀಲದೊಳಗೆ ತುರುಕು.
ಒಗೆದದ್ದು.

ಐಲಿ