ಎಡಕ್ಕೆ ಎಳೆಯುವ ಗಾಡಿ

ಮೂರು ಗಾಡಿ ಕಡಿದು ಒಂದು ಮಾಡಿದ್ದು.
ಚಾಸಿ ಒಬ್ಬರದು, ಎಂಜಿನ್ನು ಇನ್ನೊಬ್ಬರದು,
ಮುಂದಿನ ಫೋರ್ಕು ಯಾರದೆಂದು
ದಸ್ತಗೀರ್ ಸಾಹೇಬರು ಬಾಯಿ ಬಿಡುವುದಿಲ್ಲ.
ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಕೊನೆಯ ಶೆಡ್ಡಿನಲ್ಲಿ
ಗೋಣಿ ಹೊದ್ದು ನಿಂತಿತ್ತು,
ತಪ್ಪು ಮಾಡಿ ಒಪ್ಪಿಕೊಳ್ಳದ ಹುಡುಗನ ಹಾಗೆ.

"ಎಡಕ್ಕೆ ಎಳೆಯುತ್ತೆ ಕಣಮ್ಮ," ಅಂದರು.
"ಎಷ್ಟು?"
"ಎಳೆದಷ್ಟು."

ನನಗಿಂತ ಮೊದಲು ಇಬ್ಬರು ಹತ್ತಿದ್ದರು.
ರಿಪ್ಪನ್‌ಪೇಟೆಯ ವಿಲ್ಫ್ರೆಡ್ ತೋಳಿನ ಮನುಷ್ಯ;
ಅದು ಎಡಕ್ಕೆಂದರೆ ಇವನು ಬಲಕ್ಕೆ,
ಆರು ಸುತ್ತು ಜಗ್ಗಾಡಿ
ಅಂಗೈಯ ಬೊಬ್ಬೆ ಒಡೆದು
ಊಟಕ್ಕೆ ಚಮಚ ಕೇಳಿದ.
ಕುಂಸಿಯ ಶಶಾಂಕ ಓದಿದವನು.
ಟೈರು ಬದಲಿಸಿದ, ಸ್ಪ್ರಿಂಗು ಬದಲಿಸಿದ,
ಗಾಳಿ ಅರ್ಧರ್ಧ ಪೌಂಡು ಇಳಿಸಿ ಏರಿಸಿ
ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದ.
ನೋಟ್‌ಬುಕ್ಕು ಮುಗಿಯಿತು.
ಗಾಡಿ ಎಡಕ್ಕೇ ಎಳೆಯುತ್ತಿತ್ತು.

ನಾನು ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ
ಹೆಂಗಸರಿಗೆ ಸ್ಕೂಟರಿನಲ್ಲಿ ಎಂಟು ಬರೆಯಲು ಕಲಿಸುವವಳು.
ಕಾಲು ಊರಬೇಡಿ, ದೂರ ನೋಡಿ,
ಹ್ಯಾಂಡಲ್ಲಿನ ಕತ್ತು ಹಿಸುಕಬೇಡಿ:
ನಾನೇ ಹೇಳುವ ಮಾತು
ಭಾನುವಾರ ನನಗೇ ನೆನಪಿರಲಿಲ್ಲ.

ಆಯನೂರಿನಾಚೆ, ಜಂಬಿಟ್ಟಿಗೆ ಕ್ವಾರಿಯ ಪಕ್ಕದ ಟ್ರ್ಯಾಕು.
ಕೆಂಪು ಧೂಳು, ಬೆಳಗಿನ ಮಂಜಿಗೆ ಅರ್ಧ ಅಂಟಿ.
ಮೊದಲ ಸುತ್ತಿನಲ್ಲಿ ಎಡಬೇಲಿಯ ಕಡೆ ಹೋದೆ.
ಎರಡನೆಯದರಲ್ಲಿ ಬೇಲಿಯೊಳಗೇ ಹೋದೆ.
ಲಂಟಾನದ ಮುಳ್ಳು ಕೀಳುತ್ತಾ ಕೂತಾಗ
ಸಿಟ್ಟು ಬರಲಿಲ್ಲ, ಸುಸ್ತು ಬಂತು.
ಸುಸ್ತಿನಲ್ಲಿ ಮೂರನೆಯ ಸುತ್ತು.
ಮೊಣಕಾಲಲ್ಲಿ ಟ್ಯಾಂಕು ಅಮುಕಿ
ಕೈ ಸಡಿಲ ಬಿಟ್ಟೆ.
ಹ್ಯಾಂಡಲ್ಲು ತಲೆ ಒದರಿತು. ಒದರಲಿ ಅಂದೆ.
ಒದರಿ ಒದರಿ, ಎದುರಾಳಿ ಸಿಗದೆ,
ನೆಟ್ಟಗಾಯಿತು.

ನೆಟ್ಟಗೆ ಅಂದರೆ ಪೂರ್ತಿ ನೆಟ್ಟಗೆ.
ಇಳಿದು ಟೈರಿನ ಗೆರೆ ನೋಡಿದೆ,
ಬಡಗಿ ನೂಲು ಮಿಡಿದ ಹಾಗೆ.

ಆಮೇಲೆ ಹೊಳೆಯಿತು.
ನಾಲ್ಕು ವರ್ಷದ ಹಿಂದೆ ಬಿದ್ದಾಗ ಮುರಿದ
ನನ್ನ ಎಡಗಡೆಯ ಕಾಲರ್ ಬೋನು
ಒಂದರ ಮೇಲೊಂದು ಏರಿ ಕೂಡಿಕೊಂಡಿದೆ.
ರವಿಕೆ ಹೊಲಿಯುವ ವಾಗ್ದೇವಿ ಪ್ರತಿಸಲ ಗೊಣಗುತ್ತಾಳೆ,
ಎಡಭುಜ ಅರ್ಧ ಇಂಚು ಕಮ್ಮಿ.
ಆ ಕೈ ಎಡತುದಿಯನ್ನು ಸದಾ ತುಸು ಎಳೆದೇ ಇರುತ್ತದೆ;
ವೇಗದಲ್ಲಿ ಎಡತುದಿ ಎಳೆದರೆ
ಗಾಡಿ ವಾಲುವುದು ಬಲಕ್ಕೆ.
(ಎಂಟು ಬರೆಯುವವರಿಗೆ ಹೇಳುವ ಪಾಠವಲ್ಲ ಇದು.)
ಅದರ ಸೊಟ್ಟದಲ್ಲಿ ನನ್ನ ಸೊಟ್ಟ ಕಳೆದರೆ
ಸೊನ್ನೆ.

ಉಳಿದ ಕೆಟ್ಟಗುಣ ಒಂದೊಂದೇ ಗುರುತಾದವು.
ಮುಂದಿನ ಬ್ರೇಕು ಎರಡು ಸಲ ಕೇಳಿದರೆ ಒಂದು ಸಲ ಕೊಡುತ್ತದೆ.
ಮೂರಕ್ಕೂ ನಾಲ್ಕಕ್ಕೂ ನಡುವೆ ಯಾವ ಗೇರೂ ಇರದ ಒಂದು ಜಾಗವಿದೆ,
ಅಲ್ಲಿ ಎಂಜಿನ್ನು ಸುಮ್ಮನೆ ಕಿರುಚುತ್ತದೆ, ನಾನೂ.
ಕ್ವಾರಿಯ ತಿರುವಿನಲ್ಲಿ ಹಿಂದಿನ ಚಕ್ರ
ಮುಂದೆ ಬರಲು ನೋಡುತ್ತದೆ;
ಬಂದರೆ ಬರಲಿ, ಥ್ರಾಟಲ್ ಮುಚ್ಚಬಾರದು.
ಮುಚ್ಚಿದವರು ಮಣ್ಣು ತಿಂದಿದ್ದಾರೆ.

ಆ ಸಲ ಎರಡನೇ ಸ್ಥಾನ. ಒಂದು ಮಿಕ್ಸರು, ಒಂದು ಹಾರ.
ಸಾಹೇಬರಿಗೆ ಖುಷಿ ತಡೆಯಲಾಗಲಿಲ್ಲ.
ನನಗೆ ಹೇಳದೆ ಭದ್ರಾವತಿಗೆ ಒಯ್ದು
ಚಾಸಿ ಕಾಯಿಸಿ, ಜಾಕು ಕೊಟ್ಟು,
ನೇರ ಮಾಡಿಸಿ ತಂದರು.
"ಈಗ ನೋಡಮ್ಮ, ಬೆಣ್ಣೆ."

ಬೆಣ್ಣೆ ನನ್ನನ್ನು ಮೂರೂ ಸುತ್ತು
ಬಲಬೇಲಿಗೆ ಒಯ್ದು ನಿಲ್ಲಿಸಿತು.

ಶೆಡ್ಡಿಗೆ ಬಂದು ಕೇಳಿದೆ,
ಮೊದಲು ಎಷ್ಟು ಸೊಟ್ಟ ಇತ್ತು, ಅಳತೆ ಬರೆದಿದ್ದೀರಾ?
ಸೊಟ್ಟವನ್ನು ಯಾರು ಬರೆದಿಡುತ್ತಾರಮ್ಮ, ಅಂದರು.

ಹೆಲ್ಮೆಟ್ಟು ಬೆಂಚಿನ ಮೇಲಿಟ್ಟೆ.
ಜಾಕೆಟ್ಟಿನ ಜಿಪ್ಪು ಕುತ್ತಿಗೆಯಿಂದ ನಾಲ್ಕು ಬೆರಳು ಇಳಿಸಿ
ಗಂಟು ಕಟ್ಟಿದ ಮೂಳೆ ತೋರಿಸಿದೆ.
ಇಷ್ಟು.

ಸಾಹೇಬರು ಕನ್ನಡಕ ಏರಿಸಿ,
ಎಣ್ಣೆಗೈ ಒರೆಸಿಕೊಂಡು,
ಮುಟ್ಟದೆ, ಗಾಳಿಯಲ್ಲೇ
ವರ್ನಿಯರ್ ಹಿಡಿದರು.