ಟೆನ್ಶನ್

ಇಚಲಕರಂಜಿಯಿಂದ ಹಳೇ ಮಗ್ಗ ಎರಡು ಬಂದವು,
ಟೆಂಪೋದಾಗ, ಗೋಣಿತಾಟ ಸುತ್ತಿಕೊಂಡು.
ಮಗ್ಗ ಕಳಿಸಿದವರು ಮಾತ್ರ ಅಲ್ಲೇ ಉಳಿದರು,
ಇನ್ನಾರು ತಿಂಗಳ ಪಗಾರ ತಗೊಂಡು ಬರತೇನಿ ಅಂತ.
ಮಗ್ಗದ ಜೋಡಿ ಒಂದು ಪುಸ್ತಕಾನೂ ಬಂತು:
ರಟ್ಟಿಲ್ಲ, ಮೊದಲಿನ ಎಂಟು ಪುಟ ಇಲ್ಲ,
ಉಳದದ್ದಕ್ಕೆಲ್ಲ ಎಣ್ಣಿ ಕಲಿ.
ಒಂಬತ್ತನೇ ಪುಟದಾಗ, ಮೂರನೇ ಸಾಲಿನ್ಯಾಗ
ನನಗ ಓದಾಕ ಬಂದದ್ದು ಒಂದೇ ಶಬ್ದ.

ಟೆನ್ಶನ್.

ಅಯ್ಯ, ಇದು ನಮ್ಮದೇ ಅಲ್ಲೇನು?
ಬನಹಟ್ಟ್ಯಾಗ ಇದನ್ನ ಅರಿಯದವರು ಯಾರದಾರ?
ದವಾಖಾನಿ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ
ಉಸ್ ಉಸ್ ಅಂತ ಗಾಳಿ ತುಂಬಿ
'ಟೆನ್ಶನ್ ತಗೋಬ್ಯಾಡ್ರಿ' ಅಂದಿದ್ದರು.
ನೂಲಿನ ಸಾವಕಾರ 'ಟೆನ್ಶನ್ ಕೊಡಬ್ಯಾಡ ಬೇ' ಅಂತಿದ್ದ,
ಕೊಡೂದು ನಾನೋ ಅವನೋ ಅನ್ನೂದು ಬ್ಯಾರೆ ಮಾತು.
ಎದುರು ಮನಿ ಹುಡುಗ ಪರೀಕ್ಷಾ ಹಿಂದಿನ ದಿನ
ಓಣಿಗೆಲ್ಲ ಹಂಚತಿದ್ದ, ಪೇಢೆ ಹಂಚಿದಂಗ.
ತಗೊಳ್ಳೂದು, ಕೊಡೂದು, ಒಳಗ ಇಟ್ಟುಕೊಳ್ಳೂದು,
ಉಪ್ಪಿನಕಾಯಿ ಭರಣಿ ಇದ್ದಂಗ ಇತ್ತು ಆ ಶಬ್ದ,
ಕೈಯಿಂದ ಕೈಗೆ.
ಖರೇ ಹೆದರಿದ್ದು ಅಂದ್ರ ಕಬ್ಬಿನ ಹಾದ್ಯಾಗ, ಕಂಬದ ಕೆಳಗ:
ತಲಿಬುರುಡಿ, ಅಡ್ಡ ಎರಡು ಎಲುಬು,
ಮುಂದ ಒಂದು 'ಹೈ' ಹಚಗೊಂಡು ಅದೇ ಹೆಸರು.

ಈಗ ಪುಸ್ತಕ ಹೇಳತೈತಿ, ಮಗ್ಗಕ್ಕೂ ಅದು ಐತಿ ಅಂತ.
ಕಬ್ಬಿಣಕ್ಕ ಯಾತರ ಚಿಂತಿ?
ಅದಕ್ಕೇನು ಮಗಳ ಫೀ ತುಂಬೂದೈತೇನು?

ಸಂಜಿಮುಂದ ಚಿಮ್ಮಡ ಟೀಚರ್ ಮನಿಗೆ ಹೋದೆ.
ರಿಟಾಯರ್ ಆಗಿ ಆರು ವರ್ಷ, ಕಟ್ಟಿಮ್ಯಾಲೆ ಶೇಂಗಾ ಸುಲೀತಿದ್ದರು.
ಕನ್ನಡಕ ಹಣಿಯಿಂದ ಮೂಗಿಗೆ ಇಳಿಸಿ
ಮೊದಲು 'ನಾಮಪದ' ಅಂದರು.
ಆಮ್ಯಾಲೆ, 'ದಾನವ್ವಾ, ನೀ ಕಲತದ್ದು ಎರಡನೇ ಅರ್ಥ.'
ಸೆರಗಿನ ತುದಿಯಿಂದ ಒಂದು ದಾರ ಬಿಚ್ಚಿ
ಒಂದು ಕೊನಿ ತಮ್ಮ ಬೆರಳಿಗೆ ಸುತ್ತಿ
ಇನ್ನೊಂದು ನನ್ನ ಕೈಗೆ ಕೊಟ್ಟು
'ಜಗ್ಗು' ಅಂದರು.
ಜಗ್ಗಿದೆ. ಅವರೂ ಜಗ್ಗಿದರು.
'ಈಗ ನಡಕ ಐತಲ್ಲ, ಅದು.'

ನಡಕ ಏನೂ ಇರಲಿಲ್ಲ.
ಒಂದು ಎಳಿ. ಎಳಿಯ ಮ್ಯಾಲೆ
ಶೇಂಗಾ ಸಿಪ್ಪಿಯ ಹುಡಿ ಸಣ್ಣಗ ನಡಗತಿತ್ತು.

ಎಳಿ ಅಂದ್ರ ದಾರ. ಎಳಿ ಅಂದ್ರ ಜಗ್ಗು.
ನಲವತ್ಮೂರು ವರ್ಷ ಬಾಯಾಗ ಇಟ್ಟುಕೊಂಡದ್ದು
ಇಂಗ್ಲಿಷಿನ ಬಾಗಿಲು ಬಡದಾಗ ಕೇಳಿಸಿತು.

ಟೀಚರ್ ಅಷ್ಟಕ್ಕ ಬಿಡಬೇಕಲ್ಲ. 'ವಾಕ್ಯ ಮಾಡು.'
ಹಾಲಿನ ಲೆಕ್ಕದ ವಹಿ ಹಿಂದ ತಿಣಕಿ ತಿಣಕಿ ಬರದೆ:
ಮೈ ಲೂಮ್ ಹ್ಯಾಸ್ ಟೂ ಟೆನ್ಶನ್ಸ್.
ಕಡೇ ಅಕ್ಷರಕ್ಕ ಗೀಟು ಹೊಡದರು.
'ಇಲ್ಲೆ ಇದನ್ನ ಎಣಸೂದಿಲ್ಲ. ನೀರು, ಎಣ್ಣಿ ಇದ್ದಂಗ.'
'ಬೀಮ್ ಎರಡು ಅದಾವಲ್ರಿ?'
'ಬೀಮ್ ಎಣಸು ತಾಯಿ.
ಇದನ್ನ ಹೆಚ್ಚು ಅನ್ನು, ಕಡಿಮಿ ಅನ್ನು.'

ರಾತ್ರಿ ಬೀಮಿನ ಹಿಂದ ಕುಂತೆ, ಮೊಬೈಲ್ ಬ್ಯಾಟರಿ ಹಲ್ಲಾಗ ಕಚ್ಚಿ.
ಸರಪಳಿಗೆ ಜೋತ ಬಿದ್ದ ತೂಕ
ಒಂದು ಹಲ್ಲು ಒಳಗ ಸರಿಸಿದೆ.
ಮುಂಜಾನಿಂದ ಪಟಪಟ ಹರೀತಿದ್ದ ಅಂಚಿನ ಎಳಿ
ಹತ್ತು ಮೊಳ ಸುಮ್ಮನ ನಡೀತು.
ಹನ್ನೊಂದನೇ ಮೊಳಕ್ಕ ಒಂದು ಹರೀತು. ಇರಲಿ.

ಆಗೇ ಅವರ ಫೋನು.
ಹಿಂದ ಊರ ಮಗ್ಗೆಲ್ಲ ಕುಟ್ಟೂ ಸದ್ದು, ಅದರ ಮ್ಯಾಲೆ ಒದರಿ
'ಟೆನ್ಶನ್ ತಗೋಬ್ಯಾಡ' ಅಂದರು.
'ಎಷ್ಟು ತಗೋಲಿ ಹೇಳ್ರಿ,' ಅಂದೆ,
'ಹೆಚ್ಚೋ, ಕಡಿಮಿಯೋ?'
ಅತ್ತಕಡೆ ಸುಮ್ಮನಾದರು.
ದಾರದ ಇನ್ನೊಂದು ಕೊನಿ ಯಾರ ಬೆರಳಿಗೈತಿ ಅಂತ
ಇಬ್ಬರಿಗೂ ಗೊತ್ತಾತು ಅನಸತೈತಿ.

ಹತ್ತೂವರಿಗೆ ಲೈಟ್ ಹೋತು.
ಓಣಿಯ ಮಗ್ಗೆಲ್ಲ ಒಮ್ಮಿಗೇ ಬಾಯಿ ಮುಚ್ಚಿದವು.
ಯಾರದೋ ಮನಿಯಾಗ ಕೂಸು ಎದ್ದು ಅಳಾಕ ಹತ್ತಿತು,
ಸದ್ದು ನಿಂತದ್ದಕ್ಕ.
ಕತ್ತಲಾಗ ಹಾಸಿನ ಮ್ಯಾಲೆ ಅಂಗೈ ಇಟ್ಟು ನೋಡಿದೆ.
ನಿಂತ ಮಗ್ಗದಾಗೂ ಇತ್ತು.